ನನ್ನನ್ನು ಯಾರು ಕೇಳಿದರು?

ಇಸ್ತ್ರಿ ಅಂಗಡಿಯ ಅಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಇರದೆ ಇನ್ನೇನು? ಬೆಳಗಾದರೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು ಕಂಡವರ ಅಂಗಿಯ ಸುಕ್ಕು ತೆಗೆಯುವವಳು ಆಕೆ. ಇದ್ದವನು ಒಬ್ಬನೇ ಮಗ. ಕಾಲರಿಗೆ ನೀರು ಚಿಮುಕಿಸಿ ಹದವಾಗಿ ಒತ್ತುವುದನ್ನು ಅವನಿಗೆ ಕಲಿಸಿದ್ದೂ ಆಯಿತು, ಅವನು ತಲೆ ಬೋಳಿಸಿಕೊಂಡು ದೂರದ ಬೌದ್ಧ ವಿಹಾರವೊಂದರಲ್ಲಿ ಭಿಕ್ಷುವಾದ ಎಂಬ ಸುದ್ದಿ ಬಂದದ್ದೂ ಆಯಿತು. ಸುದ್ದಿ ಕೇಳಿದವರೆಲ್ಲ ಬಂದು, "ಪುಣ್ಯವಂತೆ ಕಣೇ ನೀನು" ಎಂದರು. ಪುಣ್ಯವಂತೆಯಂತೆ! ತಮ್ಮ ಮಕ್ಕಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳುವವರಿಗೆ ಏನಂತೆ?

ಆರು ವರ್ಷ ಆಕೆ ಈ ಉರಿಯನ್ನು ನುಂಗಿಕೊಂಡಳು. ಈ ಸಲ, ಬುದ್ಧ ನಡೆದಾಡಿದ ಜಾಗಗಳಿಗೆಲ್ಲ ಯಾತ್ರೆಯ ರೈಲು ಹೊರಡುತ್ತದೆ, ಮಗನಿರುವ ವಿಹಾರದ ಊರಿನಲ್ಲೂ ನಿಲ್ಲುತ್ತದೆ ಎಂದು ಗೊತ್ತಾದಾಗ, ಅಂಗಡಿಗೆ ಬೀಗ ಹಾಕಿ ಗಂಡನನ್ನೂ ಹೊರಡಿಸಿದಳು. ಬೋಗಿಯಲ್ಲಿದ್ದ ಉಳಿದವರಿಗೆಲ್ಲ ಬುದ್ಧನ ದರ್ಶನದ ಆಸೆ. ಇವಳ ಚೀಲದಲ್ಲಿ ಮಾತ್ರ ಮಗನ ಅಳತೆಯ ಒಂದು ಅಂಗಿ, ಒಂದು ಪ್ಯಾಂಟು ಗರಿಗರಿಯಾಗಿ ಮಡಚಿಕೊಂಡು ಕುಳಿತಿದ್ದವು. ಮಗನನ್ನು ಮನೆಗೆ ಕರೆತರುವುದೇ ಆಕೆಯ ಯಾತ್ರೆ.

ಯಾತ್ರೆಯ ಮುಂದಾಳು ಒಬ್ಬ ಹಳೆಯ ಮೇಷ್ಟ್ರು. ಸೀಟಿನಿಂದ ಸೀಟಿಗೆ ಓಡಾಡುತ್ತ ಕಥೆ ಹೇಳುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಆವತ್ತು ಇವರ ಎದುರಿಗೇ ಬಂದು ಕುಳಿತರು. "ಬುದ್ಧ ತನ್ನ ಸ್ವಂತ ಮಗನಿಗೂ ಯಾರನ್ನೂ ಕೇಳದೆ ಭಿಕ್ಷುಗಳ ಬಟ್ಟೆ, ಚೀವರ, ಉಡಿಸಿಬಿಟ್ಟ ನೋಡಿ. ಬುದ್ಧನ ಅಪ್ಪನಿಗೆ ತಡ್ಕೊಳ್ಳೋಕಾಗ್ಲಿಲ್ಲ. ಮೊದ್ಲು ನೀನು ಹೋದೆ, ಈಗ ಮೊಮ್ಮಗನೂ ಹೋದ, ಇನ್ಮೇಲೆ ಹೆತ್ತವರ ಒಪ್ಪಿಗೆ ಇಲ್ದೆ ಯಾರ ಮಕ್ಕಳನ್ನೂ ಭಿಕ್ಷು ಮಾಡ್ಬೇಡ ಅಂತ ಕೇಳ್ಕೊಂಡ. ಬುದ್ಧ ಒಪ್ಪಿದ. ಇವತ್ತಿಗೂ ದೀಕ್ಷೆಗೆ ಮುಂಚೆ ಆ ಪ್ರಶ್ನೆ ಕೇಳೇ ಕೇಳ್ತಾರೆ."

"ಅಪ್ಪನನ್ನು ಮಾತ್ರನಾ, ಅಮ್ಮನನ್ನೂನಾ?" ಇಸ್ತ್ರಿ ಅಮ್ಮ ನೆಟ್ಟಗೆ ಕುಳಿತಳು.

"ಇಬ್ಬರದ್ದೂ ಬೇಕಮ್ಮಾ."

"ಹಾಗಾದ್ರೆ ನನ್ನನ್ನು ಯಾರು ಕೇಳಿದ್ರು?"

ಗಂಡ ಇದ್ದಕ್ಕಿದ್ದಂತೆ ಕಿಟಕಿಯ ಹೊರಗೆ ಏನೋ ಅಪರೂಪದ್ದನ್ನು ಕಂಡವನ ಹಾಗೆ ಕತ್ತು ತಿರುಗಿಸಿದ. ಹೊರಗಿದ್ದದ್ದು ಬರೀ ಬಯಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಇಲ್ಲಿ ನೋಡ್ರೀ," ಎಂದಳು.

"ಅವನು ನನ್ನ ಹತ್ರ ಬಂದಿದ್ದ ಕಣೇ," ಗಂಡ ಗೊಣಗಿದ. "ಅಮ್ಮನನ್ನ ಕೇಳೋಕೆ ಭಯ ಅಂದ. ನಿಮ್ಮಮ್ಮನದ್ದೂ ಒಪ್ಪಿಗೆ ಇದೆ, ಹೋಗು ಅಂದ್ಬಿಟ್ಟೆ. ನಿಂಗೆ ಆಮೇಲೆ ಹೇಳೋಣ ಅಂತಿದ್ದೆ. ಬಾಯೇ ಬರ್ಲಿಲ್ಲ."

"ಊರವರ ಬಟ್ಟೇನೆಲ್ಲ ಸೈಕಲ್ ಮೇಲೆ ಹೇರ್ಕೊಂಡು ಮನೆಮನೆಗೆ ಮುಟ್ಟಿಸ್ತೀರಿ. ಒಂದು ಮಾತು ಮುಟ್ಟಿಸೋಕಾಗ್ಲಿಲ್ವಾ? ಒಂಬತ್ತು ತಿಂಗಳು ಹೊತ್ತಿದ್ದು ನೀವಾ?" ಇಡೀ ಬೋಗಿ ಕೇಳಿಸಿಕೊಂಡಿತು. ಕೇಳಿಸಿಕೊಳ್ಳಲಿ ಎಂದೇ ಆಕೆ ಹೇಳಿದ್ದು.

ವಿಹಾರ ತಲುಪಿದಾಗ ಮಧ್ಯಾಹ್ನದ ಊಟಕ್ಕೆ ಭಿಕ್ಷುಗಳು ಸಾಲಾಗಿ ಕುಳಿತಿದ್ದರು. ಸಾಲಿನ ನಡುವಿನಿಂದ ಮಗ ಎದ್ದು ಬಂದ. ಬಡವಾಗಿದ್ದ. ಕೈಮುಗಿಯಲಿಲ್ಲ, ಭಿಕ್ಷುಗಳು ಸಂಸಾರಸ್ಥರಿಗೆ ಕೈಮುಗಿಯುವುದಿಲ್ಲವಂತೆ.

"ಪ್ರಯಾಣ ಸುಖವಾಯಿತೇ, ಉಪಾಸಿಕೆ?"

ಬಂದ ಭಕ್ತೆಯರನ್ನೆಲ್ಲ ಕರೆಯುವ ಹಾಗೇ ಕರೆದಿದ್ದ. ಇಸ್ತ್ರಿ ಅಮ್ಮನ ಮೈಯೆಲ್ಲ ಉರಿದುಹೋಯಿತು. "ಯಾರೋ ಅದು ಉಪಾಸಿಕೆ? ಹೆತ್ತವಳನ್ನ ಅಮ್ಮಾ ಅಂದ್ರೆ ನಾಲಿಗೆ ಸವೆದುಹೋಗುತ್ತಾ?" ಎಂದವಳೇ, ಸಾಲಿನ ತುದಿಯಲ್ಲಿದ್ದ ಹಿರಿಯ ಭಿಕ್ಷುವಿನ ಮುಂದೆ ಹೋಗಿ ನಿಂತಳು. "ಗುರುಗಳೇ, ಇವನು ಭಿಕ್ಷುವಾಗೋಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಇವರಪ್ಪ ನನ್ನ ಹೆಸರಲ್ಲಿ ಸುಳ್ಳು ಹೇಳಿದ್ರು. ಇವನು ನನ್ನ ಮುಖ ನೋಡಿ ಒಂದು ಮಾತು ಕೇಳ್ಲಿಲ್ಲ."

ಹಿರಿಯರು ಮಗನತ್ತ ನೋಡಿದರು. ಅವನು ತಲೆ ತಗ್ಗಿಸಿದ. ಅಪ್ಪ ಕಂಬದ ಹಿಂದೆ ಸರಿದ.

"ವಿಚಾರಿಸದೆ ಇದ್ದದ್ದು ನಮ್ಮ ತಪ್ಪೂ ಹೌದಮ್ಮಾ," ಎಂದರು ಹಿರಿಯರು. "ಕರ್ಕೊಂಡು ಹೋಗ್ತೀರಾದ್ರೆ ನಾನು ಅಡ್ಡ ಬರಲ್ಲ."

ಆಕೆ ಚೀಲದಿಂದ ಅಂಗಿ ಪ್ಯಾಂಟು ತೆಗೆದು ಮಗನ ಮುಂದೆ ಹಿಡಿದಳು. "ನಾನು ನಿಮ್ಮಪ್ಪನ ಹಾಗಲ್ಲ, ನಿನ್ನ ಹಾಗೂ ಅಲ್ಲ. ಕೇಳೇ ಮಾಡೋಳು. ಮನೆಗೆ ಬರ್ತೀಯಾ?"

ಅವನು ಅಂಗಿಯ ಕಾಲರನ್ನು ಮುಟ್ಟಿ ನೋಡಿದ. ಕಣ್ಣು ತುಂಬಿತ್ತು. "ಇಲ್ಲ ಅಮ್ಮಾ."

ಆ ಮಾತು ಆಕೆಯ ಕರುಳಿಗೇ ನಾಟಿತು. ಆದರೂ ಎದುರಿಗೆ ನಿಂತು ಹೇಳಿದನಲ್ಲ. ಇಷ್ಟು ವರ್ಷದಲ್ಲಿ ಅವನಿಂದ ಆಕೆಗೆ ನೇರವಾಗಿ ಸಿಕ್ಕ ಮೊದಲ ಉತ್ತರ ಅದು. "ಹೂಂ. ಈಗ ನೀನು ಕೇಳು."

"ಅಮ್ಮಾ, ನಾನು ಭಿಕ್ಷುವಾಗ್ಲಾ?"

ಆಕೆ ಅಂಗಿ ಪ್ಯಾಂಟನ್ನು ಮತ್ತೆ ಮಡಚತೊಡಗಿದಳು. ಕಂಬದ ಹಿಂದಿನಿಂದ ಗಂಡ, "ಆಗ್ಲಿ ಬಿಡೇ..." ಎಂದ.

"ನೀವು ಸುಮ್ನಿರ್ರೀ! ನನ್ನ ಪಾಲಿನ ಮಾತೂ ನೀವೇ ಆಡಿದ್ದು ಸಾಕು." ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. "ಆಗು. ಗುರುಗಳೇ, ನನ್ನ ಒಪ್ಪಿಗೆ ಸಿಕ್ಕಿದ್ದು ಇವತ್ತು. ಆರು ವರ್ಷದ ಹಿಂದೆ ಅಲ್ಲ. ಇವನು ಇವತ್ತು ಭಿಕ್ಷುವಾದ ಅಂತಾನೇ ಇಟ್ಕೊಳ್ಳಿ."

ಹಿರಿಯರು ಆಗಲೆಂದು ತಲೆಯಾಡಿಸಿದರು. ಭಿಕ್ಷುಗಳಲ್ಲಿ ಕೂರುವ ಜಾಗ ವಯಸ್ಸಿನ ಮೇಲಲ್ಲ, ದೀಕ್ಷೆ ಪಡೆದ ದಿನದ ಮೇಲೆ. ಮೊದಲು ಬಂದವನಿಗೆ ಮೊದಲ ತುತ್ತು. ಮಗ ತನ್ನ ಬಟ್ಟಲು ಎತ್ತಿಕೊಂಡು, ತನಗಿಂತ ಎಷ್ಟೋ ಚಿಕ್ಕವರನ್ನೆಲ್ಲ ದಾಟಿ, ಸಾಲಿನ ಕಟ್ಟಕಡೆಗೆ ಹೋಗಿ ಕುಳಿತ. ಬಡಿಸುವವರು ಹಿರಿಯರು ಕುಳಿತ ತುದಿಯಿಂದ ಶುರು ಮಾಡಿದರು.

"ರೈಲು ಹೊರಡೋ ಹೊತ್ತಾಯ್ತು ಕಣೇ," ಎಂದ ಗಂಡ.

"ಹೊರಡ್ಲಿ," ಎಂದಳು. ಕೊನೆಯ ಬಟ್ಟಲಿಗೆ ಅನ್ನ ಬೀಳುವವರೆಗೂ ಆಕೆ ಅಲ್ಲಿಂದ ಕದಲಲಿಲ್ಲ.