ಕುರಿ ತಿಂದ ಬೇಲಿ

ನಮ್ಮೂರಿಗೆ ಒಂದು ಗಡಿ ಇದೆ ಎಂಬ ಸಂಗತಿ ನನಗೆ ಗೊತ್ತಾದದ್ದು ನಿವೃತ್ತನಾಗಿ ಊರಿಗೆ ಬಂದು ಕೂತ ಮೇಲೆ. ಅಲ್ಲಿಯವರೆಗೆ ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಕೇಳುವ ಜರೂರು ಯಾರಿಗೂ ಬಿದ್ದಿರಲಿಲ್ಲ. ತಿಪ್ಪೆಗಳು ಮುಗಿದರೆ ಊರು ಮುಗಿಯಿತು ಎಂದು ಒಂದು ಅಂದಾಜಿತ್ತು. ಲಾಕ್‌ಡೌನ್ ಎಂದು ಟಿ.ವಿ.ಯಲ್ಲಿ ಹೇಳಿದ ಮಾರನೆಯ ದಿನ ಹುಲಿಕುಂಟೆ ಹೋಬಳಿಯ ಹಳ್ಳಿಹಳ್ಳಿಗೂ ಗಡಿ ಹುಟ್ಟಿಕೊಂಡಿತು. ನಮ್ಮೂರಿಗೂ ಒಂದು ಬಂತು.

ಗಡಿಯನ್ನು ನಿಗದಿ ಮಾಡಿದವರು ನಮ್ಮ ಮಾಜಿ ಚೇರ್ಮನ್ನರು. ಅವರು ಪಂಚಾಯ್ತಿ ಚೇರ್ಮನ್ ಆಗಿದ್ದದ್ದು ಬಹಳ ಹಿಂದೆ, ಅದೂ ಒಂದೇ ಅವಧಿಗೆ. ಆದರೂ ಆ ಪದವಿ ಅವರ ಮೈಮೇಲೆ ಹಾಗೇ ಉಳಿದುಬಿಟ್ಟಿತ್ತು. ಹುಣಸೆಮರದ ಕೆಳಗೆ ಒಂದು ಕೊರೊನಾ ಸಮಿತಿ ರಚನೆಯಾಯಿತು. ಮಧುಗಿರಿ, ಕೊರಟಗೆರೆಯ ಕಚೇರಿಗಳಲ್ಲಿ ಗುಮಾಸ್ತನಾಗಿ ಸವೆದು ಬಂದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಅದಕ್ಕೆ ಸೇರಿಸಿಕೊಂಡರು. ಸಮಿತಿಯ ಮೊದಲ ಠರಾವು, ಊರ ಬಾಯಿಗೆ ಬೇಲಿ ಹಾಕುವುದು. ಊರಿನ ಉಳಿದ ದಿಕ್ಕುಗಳಲ್ಲಿ ತಾತಂದಿರ ಕಾಲದ ಕಳ್ಳಿಸಾಲು ಇತ್ತು. ರೋಗ ಬರುವುದಾದರೆ ರಸ್ತೆಯಲ್ಲೇ ಬರಬೇಕಾಗಿತ್ತು.

ಯಾವ ಮುಳ್ಳು ಎಂಬುದರ ಮೇಲೆ ಚರ್ಚೆಯಾಯಿತು. ಬಳ್ಳಾರಿ ಜಾಲಿ ಕಡಿಯಲು ಹಳ್ಳದವರೆಗೆ ಹೋಗಬೇಕು. ಕರಿಜಾಲಿಯಾದರೆ ಶಾಲೆಯ ಹಿಂದೆಯೇ ಇದೆ, ಮೇಲಾಗಿ ಅದರ ಮುಳ್ಳು ಬೆರಳುದ್ದ, ನೋಡಿದವರಿಗೆ ಒಂದು ಭಯ ಇರುತ್ತದೆ ಎಂದು ಚೇರ್ಮನ್ನರು ಅಭಿಪ್ರಾಯಪಟ್ಟರು. ಸಂಜೆಯ ಹೊತ್ತಿಗೆ ಹುಣಸೆಮರದಿಂದ ಶಾಲೆಯ ಕಾಂಪೌಂಡಿನವರೆಗೆ ಎದೆಯೆತ್ತರ ಕರಿಜಾಲಿಯ ಕೊಂಬೆಗಳು ಬಿದ್ದವು. ಆಗಷ್ಟೇ ಕಡಿದವು, ಹಸಿರೆಲೆಯವು, ಗೊಂಚಲು ಗೊಂಚಲು ಕಾಯಿ ಬಿಟ್ಟಿದ್ದವು. ಜಾಲಿಕಾಯಿ ಕಂಡರೆ ಮೇಕೆ ಏನು ಮಾಡುತ್ತದೆ ಎಂಬುದು ನಮ್ಮೂರಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಸಮಿತಿಯ ಸದಸ್ಯರೆಲ್ಲರೂ ಬಾಲ್ಯದಲ್ಲಿ ದೋಟಿ ಹಿಡಿದು ಅದೇ ಕಾಯಿ ಉದುರಿಸಿ ಮೇಕೆ ಸಾಕಿದವರು. ಅಂದು ಯಾರಿಗೂ ಹೊಳೆಯಲಿಲ್ಲ. ನಾವು ತಡೆಯಲು ಹೊರಟಿದ್ದದ್ದು ಚೀನಾದಿಂದ ಬಂದದ್ದನ್ನು. ಮೇಕೆಯ ಕಡೆಗೆ ಯೋಚನೆ ಹರಿಯಲಿಲ್ಲ.

ಬೇಲಿಯ ಆಚೆಗೆ ಉಳಿದದ್ದರಲ್ಲಿ ನನ್ನ ಹೊಲವೂ ಒಂದು, ಅದರಲ್ಲಿ ನಿಂತಿದ್ದ ಕುರಿಮಂದೆಯೂ ಒಂದು.

ಮಂದೆಯನ್ನು ಕರೆಸಿದ್ದವನು ನಾನೇ. ಪಾವಗಡ ತಾಲ್ಲೂಕಿನ ಬಲಸಮುದ್ರದ ಆಚೆಯ ಗಂಡಹೆಂಡಿರು ಪ್ರತಿ ಬೇಸಿಗೆಯಲ್ಲೂ ಕುರಿ ಹೊಡೆದುಕೊಂಡು ಈ ಕಡೆ ಬರುತ್ತಾರೆ. ಅವರ ಕಡೆಯ ಬೀಳುಗಳ ಮೇಲೆ ಈಗ ಸೋಲಾರಿನ ಗಾಜು ಹಾಸಿದೆ. ಬಿಸಿಲು ಮೇಯುತ್ತದೆ, ಕುರಿಗೆ ಜಾಗವಿಲ್ಲ. ಆ ವರ್ಷ ಕಳ್ಳಂಬೆಳ್ಳದ ಕೆರೆಯ ಸುತ್ತ ಮೇಯಿಸಿಕೊಂಡು ಊರಿಗೆ ಮರಳುವ ದಾರಿಯಲ್ಲಿದ್ದರು. ಒಂದೆರಡು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿ ಎಂದು ಕೇಳಿಕೊಂಡೆ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಮಂದೆ ಇರುವಷ್ಟು ದಿನ ಅವರ ಊಟ ಹೊಲದವನ ಮನೆಯದು, ಹೊರಡುವ ದಿನ ತೆಂಗಿನಕಾಯಿ, ಎಲೆಅಡಿಕೆ. ಇದು ಬರೆದಿಟ್ಟ ಕರಾರಲ್ಲ, ಆದರೆ ನಾನು ಕಚೇರಿಯಲ್ಲಿ ಕಂಡ ಯಾವ ಕರಾರಿಗಿಂತಲೂ ಗಟ್ಟಿ.

ಅವರಿಗೆ ಮುಂದೆ ಹೋಗುವ ದಾರಿ ಇರಲಿಲ್ಲ. ನಮ್ಮ ಕಡೆಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ನಡುವೆ ಆಂಧ್ರ ಬರುತ್ತದೆ. ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗುವವನು ಪರರಾಜ್ಯದ ಅಪ್ಪಣೆ ಪಡೆಯಬೇಕಾದ ಪ್ರಸಂಗ ಆಗ ಒದಗಿತು. ಕುರಿಗಳಿಗೆ ಪಾಸ್ ಕೊಡುವ ಬಗ್ಗೆ ಎರಡು ಸರ್ಕಾರಗಳೂ ಏನೂ ಹೇಳಿರಲಿಲ್ಲ. ಹಿಂದಕ್ಕೆ ಕಳ್ಳಂಬೆಳ್ಳದ ಕೆರೆಗೇ ಹೋಗೋಣವೆಂದರೆ ದಾರಿಯುದ್ದಕ್ಕೂ ಊರೂರಿಗೊಂದು ಬೇಲಿ. ಹೀಗಾಗಿ ಮಂದೆ ನನ್ನ ಹೊಲದಲ್ಲೇ ನಿಂತಿತು.

ಮೇವಿಗೆ ಹೇಗೋ ಆಗುತ್ತಿತ್ತು, ಬೀಳುಬದುಗಳಲ್ಲಿ ಒಣಹುಲ್ಲು ಇತ್ತು. ಕಷ್ಟವಾದದ್ದು ನೀರಿಗೆ. ದನಕರು ಕುಡಿಯುವ ತೊಟ್ಟಿ ಊರ ಬಾಯಲ್ಲಿ, ನೀರಿನ ತೊಂಬೆಯ ಬುಡದಲ್ಲಿದೆ. ಬೇಲಿ ಬಿದ್ದದ್ದು ಅದರಿಂದ ಒಂದು ಮಾರು ಆಚೆಗೆ, ತೊಟ್ಟಿ ಬೇಲಿಯ ಒಳಗೆ ಉಳಿಯಿತು. ಮಂದೆಯಲ್ಲಿ ಆಗ ಈಯುವ ಕುರಿಗಳು ಬಹಳ ಇದ್ದವು. ಕುರಿಯವನು ಮಾತು ಕಡಿಮೆಯ ಮನುಷ್ಯ, ವ್ಯವಹಾರವೆಲ್ಲ ಹೆಂಡತಿಯದು. ಆಕೆ ಬೇಲಿಯ ಆಚೆ ನಿಂತು, ಸೆರಗನ್ನು ಮೂಗಿಗೆ ಬಿಗಿದುಕೊಂಡು, ಸಮಿತಿಗೆ ಅಹವಾಲು ಹೇಳಿಕೊಂಡಳು. ನಡುಮಧ್ಯಾಹ್ನ ಊರೆಲ್ಲ ಒಳಗಿರುವಾಗ ಒಂದು ಗಳಿಗೆ ಕುರಿ ನೀರು ಕುಡಿದು ಹೋಗಲಿ, ನಾವು ಗಂಡಹೆಂಡಿರು ಒಳಗೆ ಕಾಲಿಡುವುದಿಲ್ಲ ಎಂಬುದು ಅದರ ಸಾರಾಂಶ.

"ಈದ ಕುರಿಗೆ ನೀಳ್ಳು ಇಲ್ದಿದ್ರೆ ಹಾಲು ಯಾಡಿಂದ ಬತ್ತದೆ ಸ್ವಾಮೇ? ಮರಿ ಉಳಿಯಲ್ಲ," ಎಂದಳು.

ಚೇರ್ಮನ್ನರು ಯೋಚಿಸಿದರು. ಅದೇ ತೊಟ್ಟಿಯಲ್ಲಿ ನಮ್ಮ ದನಗಳೂ ಕುಡಿಯುತ್ತವೆ, ದನದ ಹಾಲು ನಾವು ಕುಡಿಯುತ್ತೇವೆ ಎಂದು ರೋಗದ ಮಾರ್ಗವನ್ನು ಬೆರಳು ಮಡಿಸಿ ವಿವರಿಸಿದರು. ಆಮೇಲೆ ತೀರ್ಪು ಕೊಟ್ಟರು.

"ಎಲ್ಲಾ ಕುರಿಗೂ ಮಾಸ್ಕ್ ಹಾಕ್ಸ್ಕೊಂಡು ಬಾ ಕಣಮ್ಮ, ಬುಡ್ತೀನಿ."

ಸಮಿತಿ ನಕ್ಕಿತು. ನಾನೂ ಸಮಿತಿಯಲ್ಲಿದ್ದೆ. ಸಮಿತಿಯ ಸದಸ್ಯನಾಗಿ ನಾನು ತೀರ್ಪಿಗೆ ಬದ್ಧ, ಮಂದೆ ಕರೆಸಿದ ಹೊಲದವನಾಗಿ ಅದಕ್ಕೆ ವಿರುದ್ಧ. ಕೆಲವು ದಿನ ಈ ಇಬ್ಬರಿಗೂ ಮಾತುಕತೆ ಇರಲಿಲ್ಲ. ಸಮಿತಿ ಗಿಮಿತಿಗಳ ಗೊಡವೆಯಿಲ್ಲದ ನನ್ನ ಹೆಂಡತಿ ಮನೆಯ ನಲ್ಲಿಗೆ ಕರಿಪೈಪು ಸಿಕ್ಕಿಸಿ, ಕಳ್ಳಿಸಾಲಿನ ಮೇಲೆ ಹಾಯಿಸಿ, ಆಚೆಗೆ ಒಂದು ಪ್ಲಾಸ್ಟಿಕ್ ಟಬ್ ಇಡಿಸಿದಳು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ಅದರ ಮರ್ಜಿ ಬಂದಷ್ಟು ಹೊತ್ತು. ಅಷ್ಟು ದೊಡ್ಡ ಮಂದೆಗೆ ಅದು ನಾಲಿಗೆ ಒದ್ದೆ ಮಾಡಿಕೊಳ್ಳಲಷ್ಟೇ ಆಗುತ್ತಿತ್ತು. ಈದ ಕುರಿಗಳಿಗೆ ಮೊದಲು ಎಂದು ಕುರಿಯವನ ಹೆಂಡತಿ ಕೋಲು ಹಿಡಿದು ಉಳಿದವನ್ನು ತಡೆಯುತ್ತಿದ್ದಳು. ಆದರೂ ಎರಡು ಮರಿ ಸತ್ತವು. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದರು. ಆ ರಾತ್ರಿ ನಮ್ಮ ಮನೆಯಿಂದ ಹೋದ ಮುದ್ದೆ ಹಾಗೇ ವಾಪಸು ಬಂತು. ಇನ್ನು ಹೀಗೇ ಆದರೆ ಪೊಲೀಸರು ಹೊಡೆದರೂ ಸರಿ, ಮಂದೆ ಹೊಡೆದುಕೊಂಡು ಹೊರಟುಬಿಡುತ್ತೇವೆ ಎಂದು ಆಕೆ ನನ್ನ ಹೆಂಡತಿಗೆ ಹೇಳಿದಳಂತೆ. ಹೊರಟರೆ ಚೆಕ್‌ಪೋಸ್ಟಿನವರೆಗೂ ದಾರಿಯಲ್ಲಿ ಎಲ್ಲೂ ನೀರಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಇಷ್ಟರಲ್ಲಿ ಮೇಕೆಗಳು ಬೇಲಿಯನ್ನು ಕಂಡುಹಿಡಿದಿದ್ದವು.

ಕುರಿಮಂದೆಯಲ್ಲಿ ಒಂದಷ್ಟು ಮೇಕೆ ಇದ್ದೇ ಇರುತ್ತವೆ. ಅವು ಹಿಂಗಾಲಲ್ಲಿ ನಿಂತು ಮೊದಲು ಎಲೆ, ಆಮೇಲೆ ಕಾಯಿ ಎಂದು ಕ್ರಮವಾಗಿ ಊಟ ಸಾಗಿಸಿದವು. ಕೆಳಗೆ ಉದುರಿದ್ದನ್ನು ಕುರಿಗಳು ಆರಿಸಿಕೊಂಡವು. ಬೇಲಿ ಕಾಯಲು ನೇಮಕವಾಗಿದ್ದ ಹುಡುಗರು ಹುಣಸೆಮರದ ಕೆಳಗೆ ಮೊಬೈಲಿನಲ್ಲಿ ಬೇರೆ ಯಾವುದೋ ಯುದ್ಧದಲ್ಲಿದ್ದರು. ಮೇಕೆ ಬೇಲಿಯ ಹೊರಗೇ ನಿಂತು ತಿನ್ನುತ್ತಿದ್ದುದರಿಂದ ಅದು ಅತಿಕ್ರಮಣ ಹೌದೋ ಅಲ್ಲವೋ ಎಂಬುದೂ ಅವರಿಗೆ ಸ್ಪಷ್ಟವಿರಲಿಲ್ಲ. ಎಲೆ ಕಾಯಿ ಹೋದ ಕೊಂಬೆ ಒಣಗಿ ಹಗುರವಾಗುತ್ತದೆ. ಹಗುರವಾದದ್ದನ್ನು ಬೇಸಿಗೆಯ ಸುಂಟರಗಾಳಿ ಬಿಡುವುದಿಲ್ಲ. ಒಂದು ಮಧ್ಯಾಹ್ನ ಗಾಳಿ ಎದ್ದು ನಡುವಿನ ಕೊಂಬೆಗಳನ್ನು ಚರಂಡಿಗೆ ತಳ್ಳಿತು. ಕುರಿಗಳು ತಲೆ ತಗ್ಗಿಸಿಕೊಂಡು ಒಂದರ ಹಿಂದೆ ಒಂದು ಒಳಗೆ ಬಂದು ತೊಟ್ಟಿಗೆ ಬಾಯಿ ಹಾಕಿದವು.

ನಾನು ಜಗಲಿಯಲ್ಲಿ ಕೂತು ಇದನ್ನು ನೋಡಿದೆ. ಕುರಿಯವನ ಹೆಂಡತಿ ಬೇಲಿ ಇದ್ದ ಜಾಗದಲ್ಲಿ ನಿಂತಿದ್ದಳು. ಅಲ್ಲಿ ಈಗ ಏನೂ ಇರಲಿಲ್ಲ, ನೆಲದ ಮೇಲೆ ಕೊಂಬೆ ಎಳೆದ ಗೀರು ಮಾತ್ರ ಇತ್ತು. ಆಕೆ ಆ ಗೀರು ದಾಟಲಿಲ್ಲ. ಕುರಿಗಳು ಸಾವಕಾಶವಾಗಿ ಕುಡಿದವು. ತೊಟ್ಟಿಯ ತಳ ಕಂಡ ಮೇಲೆ ಆಕೆ ಒಂದು ಸಲ ಕೂಗು ಹಾಕಿದಳು, ಎಲ್ಲ ತಿರುಗಿ ಹೋದವು.

ಸಂಜೆ ತುರ್ತುಸಭೆ ಸೇರಿತು. ಸದಸ್ಯರು ಅಂತರ ಕಾಯ್ದುಕೊಂಡು ಕೂತದ್ದರಿಂದ ಎಲ್ಲರೂ ಕೂಗಿ ಕೂಗಿ ಮಾತಾಡಬೇಕಾಯಿತು, ಸಭೆ ಇದ್ದದ್ದಕ್ಕಿಂತ ಬಿಸಿಯಾಗಿ ಕೇಳಿಸಿತು. ಬೇಲಿ ಮುರಿದವರು ಯಾರು ಎಂಬುದು ಪ್ರಶ್ನೆ. ಮುರಿದಿಲ್ಲ, ತಿಂದಿವೆ ಎಂದು ನಾನು ತಿದ್ದುಪಡಿ ಸೂಚಿಸಿದೆ. ತಿನ್ನುವಂಥ ಬೇಲಿ ಹಾಕಿಸಿದ್ದು ಯಾರು ಎಂಬ ಕಡೆಗೆ ಮಾತು ಹೊರಳುವ ಲಕ್ಷಣ ಕಂಡು ಚೇರ್ಮನ್ನರು ಸಭೆ ಮುಗಿಸಿದರು. ಮಾರನೆಯ ದಿನ ಹೊಸ ಬೇಲಿ ಹಾಕಿಸಿದರು. ತಮ್ಮ ಮೊದಲ ತೀರ್ಮಾನ ಸರಿಯಾಗಿಯೇ ಇತ್ತು ಎಂದು ತೋರಿಸಲೋ ಏನೋ, ಅದನ್ನೂ ಕರಿಜಾಲಿಯಲ್ಲೇ ಹಾಕಿಸಿದರು. ಮೇಕೆಗಳು ಅದನ್ನೂ ಸ್ವೀಕರಿಸಿದವು. ಮೂರನೆಯದನ್ನು ಹಾಕಲು ಶಾಲೆಯ ಹಿಂದಿನ ಮರದಲ್ಲಿ ಕೊಂಬೆ ಉಳಿದಿರಲಿಲ್ಲ. ಆಮೇಲೆ ನಡುಮಧ್ಯಾಹ್ನ ಕುರಿ ಬಂದು ನೀರು ಕುಡಿದು ಹೋಗುವುದು ಯಾವ ಠರಾವೂ ಇಲ್ಲದೆ ರೂಢಿಯಾಯಿತು. ಆ ಹೊತ್ತಿನಲ್ಲಿ ಊರೆಲ್ಲ ನಿದ್ದೆ ಮಾಡುತ್ತಿತ್ತು ಎಂಬುದು ಅಧಿಕೃತ ನಿಲುವು. ಮತ್ತೆ ಮರಿ ಸಾಯಲಿಲ್ಲ.

ಊರಿನಲ್ಲೂ ಯಾರೂ ಸಾಯಲಿಲ್ಲ. ಇದು ಖಚಿತವಾಗುತ್ತ ಬಂದಂತೆ ಜನರ ಕಣ್ಣು ನನ್ನ ಹೊಲದ ಮೇಲೆ ಬಿತ್ತು. ಇಷ್ಟು ದಿನದ ಗೊಬ್ಬರವೆಲ್ಲ ಇವನೊಬ್ಬನಿಗೇ ಹೋಯಿತಲ್ಲ ಎಂದು ಮಾತಾಯಿತು. ಪೇಟೆಯ ಗೊಬ್ಬರದಂಗಡಿ ತೆರೆಯುವುದೋ ಇಲ್ಲವೋ ಎಂಬ ಅನುಮಾನ ಬೇರೆ. ಒಬ್ಬೊಬ್ಬರೇ ಬಂದು, ಮೂಗಿನ ಬಟ್ಟೆ ಕೆಳಗಿಳಿಸಿ, ನಮ್ಮ ಹೊಲದಲ್ಲೂ ಎರಡು ರಾತ್ರಿ ಎಂದು ಕುರಿಯವನನ್ನು ಕೇಳತೊಡಗಿದರು. ಕೊನೆಗೆ ಒಂದು ಬೆಳಿಗ್ಗೆ ಚೇರ್ಮನ್ನರೂ ಬಂದರು. ಅವರ ಹೊಲ ನನ್ನದರ ಪಕ್ಕಕ್ಕೇ, ನಡುವೆ ಒಂದು ಬದು. ಬದುವಿನ ಮೇಲೆ ನಿಂತು, ಹವಾ ಹೇಗಿದೆ, ಮಳೆ ಯಾವಾಗ ಎಂದೆಲ್ಲ ವಿಚಾರಿಸಿ, ಮಂದೆಯ ಮಾತಿಗೆ ಬಂದರು.

ಕುರಿಯವನು ಹೆಂಡತಿಯ ಮುಖ ನೋಡಿದ. ಆಕೆ ಮರಿಯೊಂದರ ಕಾಲಿನಿಂದ ಮುಳ್ಳು ಕೀಳುತ್ತಿದ್ದಳು.

"ಮಾಸ್ಕ್ ಇನ್ನೂ ಹೊಲ್ಸಿಲ್ವಲ್ಲ ಯಜಮಾನ್ರೇ," ಎಂದಳು, ತಲೆ ಎತ್ತದೆ.

ಚೇರ್ಮನ್ನರು ಆಕಾಶ ನೋಡಿ ಹೊರಟರು. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಆಕೆಯೇ ಹಿಂದಿನಿಂದ, ರಾತ್ರಿಗೆ ರಾಗಿಹಿಟ್ಟು ಕಳಿಸಿ ಎಂದು ಕೂಗಿ ಹೇಳಿದಳು. ತೊಟ್ಟಿ ಊರಿನದು, ಕುಡಿದಿದ್ದೇವೆ ಎಂದು ಆಮೇಲೆ ನನ್ನ ಹೆಂಡತಿಯ ಹತ್ತಿರ ಅಂದಳಂತೆ. ಮಂದೆ ಬದು ದಾಟಿ ಚೇರ್ಮನ್ನರ ಹೊಲದಲ್ಲಿ ಮಲಗಿತು. ದಾರಿ ತೆರೆಯುವವರೆಗೂ ಅಲ್ಲೇ ಇತ್ತು. ಹೊರಡುವ ದಿನ ಕಾಯಿ, ಎಲೆಅಡಿಕೆ ನಮ್ಮ ಮನೆಯಿಂದಲೂ ಹೋಯಿತು, ಅವರ ಮನೆಯಿಂದಲೂ ಹೋಯಿತು.

ಮಳೆ ಬಂತು, ರಾಗಿ ಬಿತ್ತಿದೆವು. ರಾಗಿಯ ಜೊತೆಗೆ ಇನ್ನೊಂದು ಪೈರೂ ಹುಟ್ಟಿತು. ಮೇಕೆಯ ಹೊಟ್ಟೆ ಹಾದು ಬಂದ ಜಾಲಿಬೀಜಕ್ಕೆ ಹುಟ್ಟುವ ಆತುರ ಹೆಚ್ಚು. ಊರು ಎರಡೆರಡು ಸಲ ಹಾಕಿದ ಬೇಲಿ ಒಂದು ಬೀಜವೂ ನಷ್ಟವಾಗದಂತೆ ನನ್ನ ಹೊಲದಲ್ಲೂ ಚೇರ್ಮನ್ನರ ಹೊಲದಲ್ಲೂ ಎದ್ದು ನಿಂತಿತು. ಗೇಣುದ್ದದ ಸಸಿಗೂ ಮುಳ್ಳು ಇರುತ್ತದೆ. ಆ ಮಳೆಗಾಲವೆಲ್ಲ ಬದುವಿನ ಆಚೆ ಅವರು, ಈಚೆ ನಾನು, ಗುದ್ದಲಿ ಹಿಡಿದು ಅಗೆದೆವು. ಅಗತ್ಯಕ್ಕಿಂತ ಹೆಚ್ಚಿನ ಅಂತರವನ್ನೇ ಕಾಯ್ದುಕೊಂಡೆವು. ಬುಡಸಮೇತ ಬರದೆ ತುಂಡಾದದ್ದು ಮತ್ತೆ ಚಿಗುರುತ್ತಿತ್ತು.

ಮರುವರ್ಷ ಎರಡನೆಯ ಲಾಕ್‌ಡೌನ್ ಬಂತು. ಈ ಸಲ ಸಾವು ನಿಜವಾಗಿಯೂ ನಮ್ಮ ಸುತ್ತಲ ಊರುಗಳಿಗೆ ಬಂದಿತ್ತು, ಸಭೆಯಲ್ಲಿ ಯಾರೂ ನಗಲಿಲ್ಲ. ಬೇಲಿ ಬೇಕೇಬೇಕು ಎಂದಾಯಿತು. ಚೇರ್ಮನ್ನರು ಹಳ್ಳಕ್ಕೆ ತಾವೇ ಹೋಗಿ ಒಣಗಿದ ಬಳ್ಳಾರಿ ಜಾಲಿ ಕಡಿಸಿ ತಂದರು. ಒಂದು ಕಾಯಿಯೂ ಇಲ್ಲವೆಂದು ಕೊಂಬೆ ಕೊಂಬೆ ಎತ್ತಿ ಜಾಡಿಸಿ ನೋಡಿ ಹಾಕಿಸಿದರು. ಹಾಕಿಸಿದ್ದು ಮಾತ್ರ ಹೋದ ವರ್ಷದ ಜಾಗದಲ್ಲಲ್ಲ, ತೊಂಬೆಯಿಂದ ಈಚೆಗೆ. ನೀರಿನ ತೊಟ್ಟಿ ಬೇಲಿಯ ಹೊರಗೆ ಉಳಿಯಿತು. ನಮ್ಮ ದನಗಳಿಗೆ ಮನೆಮನೆಯಲ್ಲಿ ಬಾನಿ ಇಟ್ಟುಕೊಳ್ಳಬೇಕು ಎಂದಾಯಿತು.

ಜಾಗ ಯಾಕೆ ಬದಲಾಯಿತು ಎಂದು ನಾನು ಕೇಳಿದೆ.

"ಬೇಲಿ ತಿರ್ಗಾ ನನ್ ಹೊಲ್ದಾಗೆ ಮೊಳೀಬಾರ್ದು ಕಣಪ್ಪ, ಅದುಕ್ಕೆ," ಎಂದರು.

ಕಾರಣ ಸಮಂಜಸವಾಗಿದೆ ಎಂದು ಸಮಿತಿ ಒಪ್ಪಿತು. ಚೇರ್ಮನ್ನರು ಹೋಗಿ ವಾಲ್ ತಿರುಗಿಸಿ ತೊಟ್ಟಿಗೆ ನೀರು ಬಿಟ್ಟರು. ಮಂದೆ ಇನ್ನೂ ಬಂದಿರಲಿಲ್ಲ, ಕಳ್ಳಂಬೆಳ್ಳ ಬಿಟ್ಟಿದೆ ಎಂದಷ್ಟೇ ಸುದ್ದಿ ಇತ್ತು.