ಬಚ್ಚಲ ಕಟ್ಟೆಗೆ ಬಳಿದ ಬಿಳಿ ಬಣ್ಣ

ಅಕ್ಕನ ಗೃಹಪ್ರವೇಶದ ದಿನ ಬಂದವರೆಲ್ಲ ದೇವರ ಮನೆ ನೋಡಿ ಕೈ ಮುಗಿದರು. ನಾನು ಬಚ್ಚಲುಮನೆ ನೋಡಿ ಹೊಟ್ಟೆ ಉರಿಸಿಕೊಂಡೆ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಭಾವ ಕಟ್ಟಿಸಿದ್ದ ಆ ಮನೆಯಲ್ಲಿ, ಹಂಡೆಯ ಪಕ್ಕಕ್ಕೆ ಮೊಣಕಾಲೆತ್ತರದ ಮೊಸಾಯಿಕ್ ಕಟ್ಟೆಯಿತ್ತು. ಅದರ ಮೇಲೆ ಸೋಪಿನ ಡಬ್ಬಿ, ಸೀಗೆಪುಡಿಯ ಬಟ್ಟಲು ಎಲ್ಲ ಮಹಾರಾಜರ ಹಾಗೆ ಕೂತಿದ್ದವು. ಹೋಳಿಗೆ ಊಟ ನನಗೆ ಸೇರಲಿಲ್ಲ.

ನಾವಿದ್ದದ್ದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ನನ್ನ ಗಂಡ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಜೊತೆಗೆ ನನ್ನ ಅತ್ತೆ. ನಮ್ಮ ಬಚ್ಚಲಲ್ಲೂ ಅಂಥದೇ ಕಟ್ಟೆಯಿತ್ತು, ಆದರೆ ಬರೀ ಸಿಮೆಂಟಿನದು. ಎಣ್ಣೆ, ಸೀಗೆಪುಡಿ, ಸೋಪು ಎಲ್ಲ ಕುಡಿದು ಅದಕ್ಕೆ ಎಮ್ಮೆಯ ಬಣ್ಣ ಬಂದಿತ್ತು. ಅತ್ತೆಗೆ ಮೊಣಕಾಲು ಹಿಡಿದುಕೊಂಡು ಮೂರು ವರ್ಷವಾಗಿತ್ತು. ನೆಲದ ಮಣೆಯ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಹಾಗಾಗಿ ದಿನಾ ಆ ಕಟ್ಟೆಯ ತುದಿಯಲ್ಲಿ ಕೂತು ನೀರು ಹೊಯ್ದುಕೊಳ್ಳುತ್ತಿದ್ದರು.

ಮೊಸಾಯಿಕ್ ಹಾಕಿಸುವ ಮಾತೆತ್ತಿದಾಗ ಗಂಡ ಪೇಪರಿನ ಹಿಂದೆ ಅಡಗಿಕೊಂಡರು. ಸರಿ, ನಾನೇ ಒಂದು ದಿನ ಶಿವಮೊಗ್ಗದ ಬಸ್ಸು ಹತ್ತಿ ಗಾಂಧಿಬಜಾರಿಗೆ ಹೋದೆ. ಅಂಗಡಿಯವನು ಬಿಳಿ ಬಣ್ಣದ ಚಿಕ್ಕ ಡಬ್ಬಿ ಮುಂದಿಟ್ಟು, “ಬೇಫಿಕರ್ ಹಚ್ಚಿ ಅಮ್ಮ, ಅಸಲಿ ಮಾರ್ಬಲ್ಲೂ ಇದರ ಮುಂದೆ ತಲೆ ತಗ್ಗಿಸ್ಬೇಕು” ಅಂದ. ಅವನು ಜನ್ಮದಲ್ಲಿ ಮಾರ್ಬಲ್ ನೋಡಿದ್ದನೋ ಇಲ್ಲವೋ. ನಾನೂ ನೋಡಿರಲಿಲ್ಲವಾದ್ದರಿಂದ ವ್ಯವಹಾರ ಸಲೀಸಾಗಿ ಮುಗಿಯಿತು.

ಅತ್ತೆ ಆಯನೂರಿನ ಮಗಳ ಮನೆಗೆ ಹೋಗಿದ್ದ ವಾರ ನೋಡಿ ಕೆಲಸಕ್ಕೆ ಕೂತೆ. ಕಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿ ಎರಡು ಸಲ ಬಣ್ಣ ಬಳಿದೆ. ಮಾರ್ಬಲ್ಲಿಗೆ ಗೆರೆಗಳಿರುತ್ತವಂತೆ ಎಂದು ಕೇಳಿದ್ದೆ. ನನ್ನ ಕಣ್ಣಿನ ಕಾಡಿಗೆಯನ್ನೇ ಉಳಿದ ಬಣ್ಣಕ್ಕೆ ಕಲಸಿ, ಪೊರಕೆ ಕಡ್ಡಿಯಿಂದ ಬೂದು ಗೆರೆಗಳನ್ನು ಎಳೆದೆ. ಬಣ್ಣ ಒಣಗುವವರೆಗೆ ಯಾರೂ ಬಚ್ಚಲಿಗೆ ಕಾಲಿಡಬಾರದೆಂದು ಅಪ್ಪಣೆಯಾಯಿತು. ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಮೂರು ದಿನ ಹೊಳೆಗೆ ಹೋಗಿ ಬಂದರು. ನಾಲ್ಕನೆಯ ದಿನ ಒಳಗೆ ಬಂದು ಗೆರೆಗಳನ್ನು ನೋಡಿ, “ಇದು ತುಂಗೆ, ಇದು ಭದ್ರೆ ಸರಿ. ಎರಡೂ ಸೇರೋ ಕೂಡ್ಲಿ ಎಲ್ಲಿದೆ?” ಅಂದರು. ಆ ದಿನ ಅವರಿಗೆ ಕಾಫಿ ತಡವಾಯಿತು.

ಆಮೇಲೆ ನಮ್ಮ ಮನೆಗೆ ಬಂದವರು ನಡುಮನೆಯಲ್ಲಿ ಕೂರುವ ಪದ್ಧತಿಯೇ ತಪ್ಪಿಹೋಯಿತು. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರನ್ನೂ ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದ ಮನೆಯ ತಮಿಳಮ್ಮ ಕೆನ್ನೆಯ ಮೇಲೆ ಕೈಯಿಟ್ಟು “ರೊಂಬ ಚೆನ್ನಾಗಿದೆ” ಅಂದಾಗ ನಾನು ನೆಲದ ಮೇಲಿರಲಿಲ್ಲ. ಕಟ್ಟೆಯ ಮೇಲೆ ಮಾತ್ರ ಏನೂ ಇಡುವಂತಿರಲಿಲ್ಲ. ತಾಮ್ರದ ಚೊಂಬು ಇಟ್ಟರೆ ಉಂಗುರದ ಗುರುತು, ಸೀಗೆಪುಡಿ ಇಟ್ಟರೆ ಹಳದಿ ಕಲೆ. ಸೋಪು ತೆಂಗಿನ ಚಿಪ್ಪಿನಲ್ಲಿ ನೆಲಕ್ಕಿಳಿಯಿತು. ಕಾರ್ಖಾನೆಯ ಹೊಗೆಯ ಮಸಿ ಕಿಟಕಿಯಿಂದ ಬಂದು ಕೂರುತ್ತಿತ್ತು, ನಾನು ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಅಷ್ಟು ಸೇವೆ ನಮ್ಮನೆ ದೇವರಿಗೂ ಆಗಿರಲಿಲ್ಲ.

ಇದೆಲ್ಲ ಶುರುವಾದ ಹೊತ್ತಿಗೇ ಅತ್ತೆ ಆಯನೂರಿನಿಂದ ಬಂದರು. ಬಚ್ಚಲ ಬಾಗಿಲಲ್ಲಿ ನಿಂತು, “ಅಯ್ಯೋ ಮಾರಾಯ್ತಿ, ಇದರ ಮೇಲೆ ಹೆಂಗೆ ಕೂರೋದು?” ಅಂದರು.

“ಕೂರ್ಬೇಡಿ ಅತ್ತೆ, ಬಣ್ಣ ಕಿತ್ತು ಬರುತ್ತೆ. ಮಣೆ ಹಾಕಿದ್ದೀನಿ ನೋಡಿ” ಅಂದೆ.

ಅತ್ತೆ ಮಣೆಯನ್ನು ನೋಡಿದರು, ನನ್ನನ್ನು ನೋಡಿದರು. ಒಂದು ದಿನ ಮಣೆಯ ಮೇಲೆ ಸ್ನಾನ ಮಾಡಿ, ಗೋಡೆ ಹಿಡಿದು ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ಮರುದಿನ “ಮೈ ಬೆಚ್ಚಗಿದೆ, ಇವತ್ತು ಸ್ನಾನ ಬೇಡ” ಅಂದರು. ಸ್ನಾನ, ಪೂಜೆ ಆಗದೆ ಅವರು ಊಟ ಮಾಡಿದವರೇ ಅಲ್ಲ. ಹಾಗಾಗಿ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಒಂದು ಲೋಟ ಹಾಲು ಕುಡಿದು ಕೂತರು. ಯಾರಾದರೂ ಕೇಳಿದರೆ ಉಪವಾಸ ಅನ್ನುತ್ತಿದ್ದರು. ಮೊದಲು ಸೋಮವಾರ, ಆಮೇಲೆ ಗುರುವಾರ, ಆಮೇಲೆ ಶನಿವಾರವೂ ಸೇರಿಕೊಂಡಿತು. ಉಳಿದ ದಿನ ಮಣೆ ಮುಟ್ಟದೆ, ಗೋಡೆ ಹಿಡಿದು ನಿಂತೇ ಎರಡು ಚೊಂಬು ಹೊಯ್ದುಕೊಂಡು ಬರುತ್ತಿದ್ದರು. ನನ್ನ ಗಂಡ ಆಫೀಸಿನಲ್ಲಿ, “ನಮ್ಮಮ್ಮಂಗೆ ವಯಸ್ಸಾದ ಹಾಗೆ ಭಕ್ತಿ ಜಾಸ್ತಿ ಆಗ್ತಿದೆ” ಎಂದು ಹೇಳಿಕೊಂಡು ಬಂದರು. ಬೀದಿಯ ಹೆಂಗಸರು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡತೊಡಗಿದರು.

ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಸ್ನಾನವಿಲ್ಲದ ಉಪವಾಸ ಯಾವ ಶಾಸ್ತ್ರದಲ್ಲೂ ಇಲ್ಲವೆಂಬುದು ನನಗೆ ತಿಳಿಯದ ವಿಷಯವೇ? ಆದರೆ ಅಕ್ಕ ಇನ್ನೂ ಬಂದು ಕಟ್ಟೆ ನೋಡಿರಲಿಲ್ಲ. ಅವಳು ನೋಡುವವರೆಗೆ ಬಣ್ಣ ಉಳಿಯಲಿ, ಆಮೇಲೆ ನೋಡಿಕೊಂಡರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಅಕ್ಕ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಅತ್ತೆ ಬಾಗಿಲ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಅಕ್ಕನ ಕೈಗೆ ನೀರು ಕೊಡುವುದಕ್ಕೂ ಮೊದಲು ಅವಳನ್ನು ಬಚ್ಚಲಿಗೆ ನಡೆಸಿದೆ. ಅವಳು ಬಗ್ಗಿ ಕಟ್ಟೆಯ ಮೇಲೆ ಬೆರಳಾಡಿಸಿ, “ಚೆನ್ನಾಗಿ ಮಾಡಿದೀಯ ಕಣೇ. ನಮ್ಮದಕ್ಕಿಂತ ಬೆಳ್ಳಗಿದೆ” ಅಂದಳು. ಇಷ್ಟು ತಿಂಗಳು ಕಾದಿದ್ದ ಮಾತು ಅದು. ಅದನ್ನು ಕೇಳಿ ಖುಷಿಪಡುವಷ್ಟರಲ್ಲಿ ಅವಳು ಸುತ್ತ ನೋಡಿ, “ನಿಮ್ಮತ್ತೆ ಎಲ್ಲಿ ಕೂತ್ಕೊಂಡು ಸ್ನಾನ ಮಾಡ್ತಾರೆ?” ಎಂದು ಕೇಳಿದಳು.

ನಾನು ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಮಣೆ ತೋರಿಸಿದೆ.

“ಅವರಿಗೆ ಕಾಲು ನೋವಲ್ವೇನೇ? ನಮ್ಮತ್ತೆಗೆ ಕೂರೋಕೆ ಅಂತಲೇ ನಾವು ಆ ಕಟ್ಟೆ ಹಾಕಿಸಿದ್ದು” ಎಂದು ಅಕ್ಕ ಮಣೆ ಎತ್ತಿದಳು. ಅದು ಒಣಗಿ ಗರಿಗರಿಯಾಗಿತ್ತು. ಹಿಂದೆ ಜೇಡ ಬಲೆ ಕಟ್ಟಿತ್ತು. ಅಕ್ಕ ನನ್ನ ಮುಖ ನೋಡಿದಳು.

ನಾನು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಅತ್ತೆಯ ದನಿ ಬಂತು. “ನಂದು ಇವತ್ತು ಉಪವಾಸ ಕಣಮ್ಮ. ಅವಳೇನೂ ಅಂದಿಲ್ಲ. ಪಾಪ, ಎಷ್ಟು ಕಷ್ಟಪಟ್ಟು ಬಳಿದಿದಾಳೆ, ಹಾಳು ಮಾಡೋದ್ಯಾಕೆ ಅಂತ ನಾನೇ…”

ಅತ್ತೆ ಬೈದಿದ್ದರೆ ತಿರುಗಿ ಬೈಯುವುದಕ್ಕೆ ನನ್ನ ಬಳಿ ಮಾತಿಗೇನೂ ಬರವಿರಲಿಲ್ಲ. ಅವರು ನನ್ನ ಪರ ನಿಂತರು.

ಒಲೆಗೆ ಸೌದೆ ತುಂಬಿದೆ. ಹಂಡೆಯ ನೀರು ಕಾದ ಮೇಲೆ ಅತ್ತೆಯ ಕೈ ಹಿಡಿದು ಒಳಗೆ ಕರೆತಂದೆ. ಕಟ್ಟೆಯ ಮುಂದೆ ನಿಂತು ಅವರು, “ಹಳೇ ಸೀರೆ ಹಾಸೇ, ನಿನ್ನ ಮಾರ್ಬಲ್ಲಿಗೆ ಎಣ್ಣೆ ಹತ್ತುತ್ತೆ” ಅಂದರು.

“ಹತ್ಲಿ ಬಿಡಿ, ಕೂತ್ಕೊಳ್ಳಿ” ಅಂದೆ.

ಎರಡೂ ಅಂಗೈ ಊರಿ ಮೆಲ್ಲಗೆ ಕೂತು ಉಸ್ಸೆಂದರು. ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜಿ, ಬೆನ್ನಿಗೆ ಬಿಸಿನೀರು ಹೊಯ್ದೆ. ಸೀಗೆಪುಡಿಯ ನೀರು ನನ್ನ ತುಂಗೆ ಭದ್ರೆಯರ ಮೇಲೆಲ್ಲ ಹರಿಯಿತು. “ಇನ್ನೆರಡು ಚೊಂಬು ಹಾಕೇ” ಅನ್ನುತ್ತಲೇ ಇದ್ದರು. ಹಂಡೆ ತಳ ಕಂಡಿತು.

ಪೂಜೆ ಮುಗಿಸಿ ಬಂದ ಅತ್ತೆಗೆ ಅಕ್ಕ ಎಲೆ ಹಾಕಿದಳು, ನಾನು ಬಡಿಸಿದೆ. ಸಾರನ್ನ ಎರಡು ಸಲ, ಮಜ್ಜಿಗೆಯನ್ನ ಎರಡು ಸಲ. ಅತ್ತೆ ತಲೆ ಎತ್ತದೆ ಉಣ್ಣುತ್ತಿದ್ದರು. ಐದನೆಯ ಸಲ ಅವರು ಎಲೆಯಿಂದ ಕೈ ತೆಗೆದು ಕಾದಾಗ ಪಾತ್ರೆಯಲ್ಲಿ ಅನ್ನವಿರಲಿಲ್ಲ. ನಾನು ಎದ್ದು ಹೋಗಿ ಮತ್ತೆ ಎಸರಿಟ್ಟೆ.