ಪವರ್ ಸ್ಟೀರಿಂಗ್ ಇಲ್ಲದ ಜೀಪು

ಮೊನ್ನೆ ಮಣಿಪಾಲದ ಗ್ಯಾರೇಜೊಂದರ ಮುಂದೆ ಹಾದುಹೋಗುವಾಗ ಗೇರ್ ಆಯಿಲ್‌ನ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಗಂಧಕದಂಥ ಆ ಘಾಟಿಗೆ ಕೆಲವರಿಗೆ ತಲೆ ಸಿಡಿಯುತ್ತದೆ. ನನಗೆ ಮಾತ್ರ ಯಾರನ್ನಾದರೂ ಹಿಡಿದು ವಾದಕ್ಕೆ ಎಳೆಯುವ ಹುರುಪು ಬಂತು. ಶಿರ್ವದಲ್ಲಿ ನಮ್ಮ ಪಕ್ಕದ ಮನೆಯ ಆಂಟಿಯ ಕೈಯಲ್ಲಿ ಸದಾ ಅದೇ ವಾಸನೆ. ಭಾನುವಾರ ಇಗರ್ಜಿಗೆ ಹೊರಟಾಗಲೂ, ಸೆಂಟಿನ ಅಡಿಯಲ್ಲಿ…

ಅವರದು ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಜೀಪು, ರಿಪೇರಿಯೂ ಅವರದೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ನಾನು, ಅದು ಬರೀ ಹಳೆಯದರ ವ್ಯಾಮೋಹ ಎಂದೆ. ಆಂಟಿ ಬಾನೆಟ್ ಎತ್ತಿ ವಿವರಿಸಿದರು. ಸ್ಟೀರಿಂಗಿನ ಉದ್ದ ಕಂಬಿಯ ತುದಿಗೆ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ತಿರುಪಿನಂಥ ಗೇರು. ತಿರುಪು ತಿರುಗಿದರೆ ಅದರ ಮೇಲಿನ ನಟ್ಟು ಜರುಗುತ್ತದೆ, ನಟ್ಟಿನ ಹಲ್ಲುಗಳು ಇನ್ನೊಂದು ಗೇರನ್ನು ಹೊರಳಿಸುತ್ತವೆ, ಅದಕ್ಕೆ ಜೋಡಿಸಿದ ತೋಳು ಟಯರುಗಳನ್ನು ಎಳೆಯುತ್ತದೆ. ಕೈ ತುಂಬ ತಿರುಗಿದರೆ ಟಯರು ಸ್ವಲ್ಪ ತಿರುಗುತ್ತದೆ. ಹಾಗಾಗಿಯೇ ಕೈಯ ಬಲ ಹಲವು ಪಟ್ಟಾಗುತ್ತದೆ. ಟಯರು ಕಲ್ಲಿಗೆ ಬಡಿದ ಪೆಟ್ಟು ಅದೇ ದಾರಿಯಲ್ಲಿ ಹಿಂದೆ ಬರುವಾಗ ಸೊರಗುತ್ತದೆ.

"ಮತ್ತೆ ಹೆಬ್ಬೆರಳು ಸ್ಟೀರಿಂಗಿನ ಒಳಗೆ ಇಡಬೇಡ, ಮುರೀತದೆ ಅಂತ ನನಗೆ ಬೈದದ್ದು ಯಾಕೆ?" ನಾನು ಬಿಡಲಿಲ್ಲ.

"ಪೆಟ್ಟು ಕಡಿಮೆ ಆಗ್ತದೆ ಅಂದೆ. ಇಲ್ಲವೇ ಇಲ್ಲ ಅಂದೆನಾ? ಆದ್ರೂ ನಿನ್ನ ಪಾಯಿಂಟ್ ಉಂಟು ಮಾರಾಯ್ತಿ."

ಅಷ್ಟರಲ್ಲಿ ಆಂಟಿಯ ಗಂಡ, ನಮ್ಮ ಅಂಕಲ್, ಕುವೈತಿನ ಕೆಲಸದಿಂದ ರಜೆಗೆ ಬಂದರು. ಆಂಟಿಯ ಬಲಭುಜದ ನೋವು ಕಂಡು, ಉದ್ಯಾವರದ ಒಬ್ಬರಿಗೆ ಜೀಪು ಮಾರುವ ಮಾತಾಡಿಬಿಟ್ಟರು. ಆಂಟಿ ಕೆರಳಿದರು. ಕೊನೆಗೊಂದು ಪಂಥ: ಆಂಟಿ ಅದನ್ನು ಕಾರ್ಕಳದ ಬಳಿ ಕೆಲಸ ನಿಂತ ಕೆಂಪುಕಲ್ಲಿನ ಕೋರೆಯ ಹೊಂಡಕ್ಕೆ ಇಳಿಸಿ, ಅಡಿಯಲ್ಲಿ ತಿರುಗಿಸಿ, ಬೇರೆಯವರ ಕೈ ತಾಗದೆ ಮೇಲೆ ತಂದರೆ ಜೀಪು ಉಳಿಯುತ್ತದೆ. ಇಲ್ಲದಿದ್ದರೆ ಉದ್ಯಾವರಕ್ಕೆ. ತೀರ್ಪು ಹೇಳಲು ಪಕ್ಕದ ಸೀಟಿನಲ್ಲಿ ನಾನು.

ಇಳಿದದ್ದು ಸಲೀಸು. ಅಡಿಯ ತಿರುವಿನಲ್ಲಿ ಟಯರು ಕಲ್ಲಿನ ಅಂಚಿಗೆ ಒತ್ತಿ ನಿಂತಿತು. ಆಂಟಿ ಎಳೆದರು. ಸ್ಟೀರಿಂಗ್ ಮಿಸುಕಲಿಲ್ಲ, ಭುಜ ನಡುಗಿತು. "ಸಾಕು, ನಾನು ಬರ್ತೇನೆ," ಎಂದು ಮೇಲಿನಿಂದ ಅಂಕಲ್ ಕೂಗಿದರು. ನನ್ನ ಕೈ ತಾನಾಗಿಯೇ ಚಾಚಿತು.

"ಕೈ ತೆಗಿ. ನೀನು ಜಡ್ಜು," ಎಂದರು ಆಂಟಿ.

ಎಳೆಯುವುದನ್ನೇ ಬಿಟ್ಟರು. ರಿವರ್ಸ್ ಹಾಕಿ ಜೀಪನ್ನು ಗೇಣಷ್ಟು ಹಿಂದಕ್ಕೆ ಉರುಳಿಸಿ, ಉರುಳುತ್ತಿರುವಾಗಲೇ ಎಡಗೈಯಲ್ಲಿ ಸ್ಟೀರಿಂಗ್ ತಿರುಗಿಸಿದರು. ನಿಂತ ಟಯರು ನೆಲ ಕಚ್ಚಿಕೊಳ್ಳುತ್ತದೆ, ಉರುಳುವ ಟಯರು ಮಾತು ಕೇಳುತ್ತದೆ. ಭುಜದ ಕೆಲಸವನ್ನು ಆಂಟಿ ಇಂಜಿನ್ನಿಗೆ ವಹಿಸಿದ್ದರು. ಜೀಪು ಗುರುಗುಟ್ಟುತ್ತಾ ಕೋರೆ ಹತ್ತಿತು. ತೀರ್ಪುಗಾರ್ತಿ ಸೀಟಿನಲ್ಲಿ ಕುಣಿಯಬಾರದು ಎಂಬುದು ನನಗೆ ಮರೆತೇ ಹೋಗಿತ್ತು.

ಹಿಂದೆ ಹೋಗಿ ಗೆದ್ದದ್ದು ಲೆಕ್ಕಕ್ಕಿಲ್ಲ ಎಂದು ಅಂಕಲ್ ತಕರಾರು ತೆಗೆದರು. ಪಂಥದಲ್ಲಿ ಕೈ ತಾಗಬಾರದೆಂದಿತ್ತು, ರಿವರ್ಸ್ ಗೇರು ಬೇಡವೆಂದಿರಲಿಲ್ಲ ಎಂದು ನಾನು ತೀರ್ಪಿತ್ತೆ. ಆಂಟಿ ನಕ್ಕ ನಗು ಕೋರೆಯೆಲ್ಲ ಅನುರಣಿಸಿತು…

ಆಂಟಿ ಈಗಿಲ್ಲ. ಊರಿಗೆ ಮರಳಿದ ಅಂಕಲ್ ಆ ಜೀಪನ್ನೇ ಓಡಿಸುತ್ತಾರೆ, ಕಾಪು ಪೇಟೆಯಲ್ಲಿ ನಿಲ್ಲಿಸುವಷ್ಟರಲ್ಲಿ ಬೆವರುತ್ತಾರೆ. ಪವರ್ ಸ್ಟೀರಿಂಗ್ ಹಾಕಿಸಿ ಎಂದು ಕಳೆದ ವಾರ ನಾನೇ ವಾದ ಹೂಡಿದೆ.

"ಗೆದ್ದದ್ದು ಅವಳು," ಎಂದರು. "ತೀರ್ಪು ಕೊಟ್ಟದ್ದು ನೀನೇ ಅಲ್ವಾ?"

ಇದು ಶುದ್ಧ ತರ್ಕದೋಷ. ನನ್ನ ತೀರ್ಪು ಜೀಪಿನ ಬಗ್ಗೆ ಇತ್ತು, ಸ್ಟೀರಿಂಗಿನ ಬಗ್ಗೆ ಅಲ್ಲ. ಆಂಟಿ ಇದ್ದಿದ್ದರೆ ಈ ಒಂದು ಎಳೆ ಹಿಡಿದು ಮಧ್ಯಾಹ್ನವಿಡೀ ಜಗಳಾಡಬಹುದಿತ್ತು. ಅಂಕಲ್ ಮಾತ್ರ, ವಾದ ಎಂದೋ ಮುಗಿದಿದೆ ಎಂಬಂತೆ, ಜೀಪು ಸ್ಟಾರ್ಟ್ ಮಾಡಿದರು.